ಹಿತ್ತಲ ಸಿಪಾಯಿಗೊಂದು ಎಡೆ

ನಾನು ಬೆಳೆದ ಮನೆಯ ಅಡುಗೆಮನೆ ಕಿಟಕಿಯಿಂದ ಒಂದು ಸಮಾಧಿ ಕಾಣುತ್ತಿತ್ತು. ಸಿಂಕಿನ ಮುಂದೆ ನಿಂತರೆ ಎದುರಿಗೆ ಅದೇ. ಒಂದು ಮ್ಯಾಗ್ನೋಲಿಯಾ ಮರ, ಅದರಡಿ ಮೊಣಕಾಲೆತ್ತರದ ಕಲ್ಲುಗೋಡೆ, ಗೋಡೆಯೊಳಗೆ ಸ್ವಲ್ಪ ಹಿಂದಕ್ಕೆ ವಾಲಿದ ಬೂದು ಕಲ್ಲು. ಕಲ್ಲಿನ ಮೇಲೆ ಜೊಸಾಯ ಟಿಡ್‌ವೆಲ್ ಎಂಬ ಹೆಸರು, ಅದರ ಕೆಳಗೆ ಸಿಪಾಯಿ ಎಂಬ ಮಾತು, ಅದರ ಕೆಳಗೆ ಮಳೆ ತಿಂದುಹಾಕಿದ ಎರಡು ಸಾಲು. ಬಾಲ್ಯದ ಮನೆ ಎಂದರೆ ಬೇರೆಯವರಿಗೆ ಉಯ್ಯಾಲೆ, ನಾಯಿಮರಿ ನೆನಪಾಗುತ್ತವೆ. ನನಗೆ ನೆನಪಾಗುವುದು, ಆ ಕಿಟಕಿಗೆ ಹಳೆಯ ಸೀರೆಯ ಪರದೆ ಕಟ್ಟಿ, ಪರದೆಯಾಚೆ ಯಾರೂ ಇಲ್ಲವೆಂಬಂತೆ ಪಾತ್ರೆ ತೊಳೆಯಲು ಅಮ್ಮ ಪಡುತ್ತಿದ್ದ ಪ್ರಯತ್ನ. ಗಾಳಿ ಬಂದಾಗ ಪರದೆ ಹಾರುತ್ತಿತ್ತು, ಸಿಪಾಯಿ ಕಾಣುತ್ತಿದ್ದ, ಅಮ್ಮ ಲೋಟವನ್ನು ಸದ್ದಾಗುವಂತೆ ಕುಕ್ಕುತ್ತಿದ್ದಳು. ಈಗ ನಾನು ಕಮ್ಮಿಂಗ್ ಎಂಬ ಊರಿನ ಹೊಸ ಬಡಾವಣೆಯೊಂದರಲ್ಲಿದ್ದೇನೆ. ಇಲ್ಲಿನ ಮನೆಗಳ ಹಿತ್ತಲಲ್ಲಿ ಹುಲ್ಲು ಬಿಟ್ಟರೆ ಏನೂ ಇಲ್ಲ, ಹುಲ್ಲಿನ ಕೆಳಗೆ ಯಾರಿದ್ದಾರೋ ಹೇಳುವ ಕಲ್ಲೂ ಇಲ್ಲ. ಆ ಕಾರಣಕ್ಕೇ ನನಗೆ ನಿದ್ದೆ ಸರಿಯಾಗಿ ಬರುವುದಿಲ್ಲ ಎಂದರೆ ನನ್ನ ಗಂಡ ನಗುತ್ತಾರೆ. ಚಿಂತೆ ಮಾಡಲು ನಿನಗೆ ಕಾರಣವೂ ಬೇಕೇ ಎಂದು ಅವರ ಪ್ರಶ್ನೆ. ಬೇಡ, ನಿಜ. ಆದರೆ ಈ ಗುಣ ಎಲ್ಲಿ ಬಂತೆಂದು ಹುಡುಕುತ್ತ ಹೋದರೆ ನಾನು ಪ್ರತಿ ಸಲವೂ ಜಾರ್ಜಿಯಾದ ಲಾರೆನ್ಸ್‌ವಿಲ್ಲಿನ ಆ ಅಡುಗೆಮನೆಗೇ ಬಂದು ನಿಲ್ಲುತ್ತೇನೆ.

ಲಾರೆನ್ಸ್‌ವಿಲ್ ಆಗ ಒಂದು ಕೋರ್ಟ್‌ಹೌಸು, ಅದರ ಸುತ್ತ ನಾಲ್ಕಾರು ಅಂಗಡಿ, ಉಳಿದಂತೆ ಕೆಂಪು ಮಣ್ಣು ಮತ್ತು ಪೈನ್ ಮರಗಳ ಊರು. ಅಪ್ಪ ಆಸ್ಪತ್ರೆಯ ಕೆಲಸಕ್ಕೆ ಬಂದ ಹೊಸದರಲ್ಲಿ, ಬಾಡಿಗೆಗೆ ಮನೆ ಇದೆಯೆಂದು ಫೋನಿನಲ್ಲಿ ಹೇಳಿದವರು ಅವರ ಮುಖ ನೋಡಿದ ಮೇಲೆ ಮನೆ ನಿನ್ನೆಯೇ ಹೋಯಿತು ಎನ್ನುತ್ತಿದ್ದರಂತೆ. ಬೆಳ್ಳಗಿರುವವರ ಸಾಲಿಗೂ ಸೇರದ, ಕರಿಯರ ಸಾಲಿಗೂ ಸೇರದ ಡಾಕ್ಟರನ್ನು ಎಲ್ಲಿ ಕೂರಿಸಬೇಕೆಂದು ಊರಿಗೆ ತಿಳಿಯುತ್ತಿರಲಿಲ್ಲ. ಕೊನೆಗೆ ಮನೆ ಕೊಟ್ಟವರು ಮಿಸ್ ಕೋರಾ. ಮದುವೆಯಾಗದ, ಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದ, ಬೇಸಿಗೆಯಲ್ಲೂ ಕೈಗವಸು ತೊಡುವ ಹೆಂಗಸು. ಹಿತ್ತಲಲ್ಲಿ ಮಲಗಿದ್ದ ಜೊಸಾಯ ಅವರ ತಾತನ ತಾತನೋ, ಅದಕ್ಕಿಂತ ಒಂದು ತಲೆ ಮೇಲೋ. ಅವರು ಹಾಕಿದ ಷರತ್ತು ಎರಡೇ. ಸಮಾಧಿಯನ್ನು ಮುಟ್ಟಬಾರದು, ವರ್ಷಕ್ಕೊಂದು ಭಾನುವಾರ ಟಿಡ್‌ವೆಲ್ ಕುಟುಂಬದವರು ಬಂದಾಗ ತಡೆಯಬಾರದು. ಅಪ್ಪ ಎರಡಕ್ಕೂ ಒಪ್ಪಿ ಬೀಗದ ಕೈ ತಂದರು. ಹಿತ್ತಲಲ್ಲಿ ಏನಿದೆ ಎಂಬುದನ್ನು ಅಮ್ಮನಿಗೆ ಹೇಳುವ ಕೆಲಸವನ್ನು ಅವರು ಕಿಟಕಿಗೇ ಬಿಟ್ಟರು.

"ಸ್ಮಶಾನದಲ್ಲಿ ಸಂಸಾರ ಮಾಡಿಸ್ತಿದ್ದೀರಲ್ರೀ," ಎಂದಳು ಅಮ್ಮ ಮೊದಲ ದಿನ.

"ಒಂದೇ ಒಂದು ಗ್ರೇವ್ ಕಣೇ ಜಯ. ಅದೂ ನೂರೈವತ್ತು ವರ್ಷದ್ದು."

"ಹಳೇದಾದ್ರೆ ಹಸಿವಾಗಲ್ವಾ ಅವ್ರಿಗೆ?"

ಅಪ್ಪನಿಗೆ ಅದು ತಮಾಷೆಯೆನಿಸಿತು. ಅಮ್ಮ ತಮಾಷೆ ಮಾಡಿರಲಿಲ್ಲ. ಮಂಡ್ಯದ ಕಡೆಯ ಅವಳ ತವರಿನಲ್ಲಿ ಸತ್ತವರಿಗೆ ಹಸಿವಾಗುತ್ತದೆ ಎಂಬುದು, ಬೆಳಿಗ್ಗೆ ಸೂರ್ಯ ಹುಟ್ಟುತ್ತಾನೆ ಎಂಬಷ್ಟೇ ಸಾಮಾನ್ಯ ಸಂಗತಿ. ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ. ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವೋ ಅದನ್ನೇ ಮಾಡಿ ಎಲೆಯಲ್ಲಿ ಬಡಿಸಿ ಎಡೆ ಇಡಬೇಕು. ಕೋಳಿ ಇಷ್ಟವಿದ್ದವರಿಗೆ ಕೋಳಿ, ಬೀಡಿ ಸೇದುತ್ತಿದ್ದವರಿಗೆ ಬೀಡಿ. ಅವಳ ಅಪ್ಪ ದಂಡಿಗೆ ಸೇರಿ ಬರ್ಮಾದ ತನಕ ಹೋಗಿ ಬಂದವರು. ತಮ್ಮ ಅಪ್ಪನಿಗೆ ಎಡೆ ಇಡುವಾಗ ಅವರು ಪಕ್ಕದಲ್ಲಿ ಒಂದು ಲೋಟ ಮದ್ಯವನ್ನೂ ಇಟ್ಟು, ಎಲ್ಲ ಮುಗಿದ ಮೇಲೆ ಅದನ್ನು ತಲೆ ಬಾಗಿಸಿ ನಿಧಾನವಾಗಿ ಮಣ್ಣಿಗೆ ಹೊಯ್ಯುತ್ತಿದ್ದರಂತೆ. ಮನೆಯ ಗಂಡಸು ಹೊಯ್ದರೇ ಅದು ಹಿರಿಯರಿಗೆ ಮುಟ್ಟಿದಂತೆ. ಹೆಣ್ಣುಮಕ್ಕಳು ಅಡುಗೆ ಮಾಡಿ ಬಾಗಿಲ ಹಿಂದೆ ನಿಲ್ಲಬೇಕು. ಮದುವೆಯಾಗಿ ಹೋದ ಮಗಳಿಗಂತೂ ತವರಿನ ಎಡೆಯಲ್ಲಿ ಯಾವ ಪಾಲೂ ಇಲ್ಲ.

ಆ ತಾತ, ಅಮ್ಮನ ಅಪ್ಪ, ನಾವು ಆ ಮನೆಗೆ ಬಂದ ಮುಂದಿನ ಬೇಸಿಗೆಯಲ್ಲಿ ತೀರಿಕೊಂಡರು. ತಂತಿ ಬಂದು ಸೇರುವ ಹೊತ್ತಿಗೆ ಅವರನ್ನು ಮಣ್ಣು ಮಾಡಿಯಾಗಿತ್ತು. ಅಮ್ಮ ಅಳಲಿಲ್ಲ. ಅದು ನನಗೆ ಅಳುವುದಕ್ಕಿಂತ ಭಯ ಹುಟ್ಟಿಸಿತು. ಅವಳು ಮನೆಯನ್ನು ಗುಡಿಸಿದಳು, ಒರೆಸಿದಳು, ಬೇಳೆ ಬೇಯಿಸಿದಳು, ಮತ್ತು ಒಂದು ಸಂಜೆ ಊಟಕ್ಕೆ ಕುಳಿತಿದ್ದಾಗ ಅಪ್ಪನಿಗೆ ಮೊಸರು ಬಡಿಸುತ್ತ, ಹವಾಮಾನದ ವಿಷಯ ಹೇಳುವಂತೆ ಹೇಳಿದಳು.

"ಡಿಸೆಂಬರ್‌ಗೆ ಪುಟ್ಟೀನ ಕರ್ಕೊಂಡು ಊರಿಗೆ ಹೋಗ್ತೀನಿ. ವಾಪಸ್ ಬರಲ್ಲ. ನೀವು ಬಂದ್ರೆ ಬನ್ನಿ, ಇಲ್ದಿದ್ರೆ ಇಲ್ಲೇ ಪ್ರಾಕ್ಟೀಸ್ ಮಾಡ್ಕೊಂಡಿರಿ."

"ಜಯ, ಅವಳ ಸ್ಕೂಲು..."

"ನಮ್ಮೂರಲ್ಲೂ ಸ್ಕೂಲಿದೆ. ಅಪ್ಪ ಸತ್ರೆ ಮುಖ ನೋಡಕ್ಕಾಗದ ಊರಲ್ಲಿ ನಂಗೇನು ಕೆಲಸ."

ಅಪ್ಪ ಮೊಸರನ್ನ ಕಲಸುತ್ತಲೇ ಇದ್ದರು, ತಿನ್ನಲಿಲ್ಲ. ಅಂದಿನಿಂದ ನಾನು ನನ್ನ ಗೊಂಬೆಯ ಬಟ್ಟೆಗಳನ್ನು ಒಂದು ಶೂ ಡಬ್ಬಿಯಲ್ಲಿ ಮಡಿಸಿಡುವುದು, ಮತ್ತೆ ತೆಗೆದು ಹರಡುವುದು ಶುರು ಮಾಡಿದೆ. ಹೋಗುವುದಾದರೆ ಸಿದ್ಧವಾಗಿರಬೇಕು, ಆದರೆ ಸಿದ್ಧವಾಗಿರುವುದನ್ನು ಅಮ್ಮ ನೋಡಿದರೆ ಹೋಗಲು ನನಗೂ ಇಷ್ಟವೆಂದುಕೊಂಡಾಳು. ಅಮ್ಮನನ್ನು ಬಿಟ್ಟಿರಲಾರೆ, ಅಪ್ಪನನ್ನೂ ಬಿಟ್ಟಿರಲಾರೆ. ಇಬ್ಬರೂ ಒಂದೇ ಊರಿನಲ್ಲಿ ಇರುವಂತೆ ಮಾಡುವ ಉಪಾಯ ನನ್ನ ಬಳಿ ಯಾವುದೂ ಇರಲಿಲ್ಲ. ಆ ಡಬ್ಬಿಯ ಬುದ್ಧಿ ನನ್ನನ್ನು ಇನ್ನೂ ಬಿಟ್ಟಿಲ್ಲ. ಇವತ್ತಿಗೂ ಮೂರು ದಿನದ ಪ್ರವಾಸಕ್ಕೆ ನಾನು ಮಳೆ, ಚಳಿ, ಸಾವು ಮೂರಕ್ಕೂ ಆಗುವ ಬಟ್ಟೆ ತುಂಬುತ್ತೇನೆ.

ಮಿಸ್ ಕೋರಾ ತಿಂಗಳಿಗೊಮ್ಮೆ ಬಂದು ಹಿಂದಿನ ಜಗುಲಿಯಲ್ಲಿ ಕುಳಿತು ಹೋಗುತ್ತಿದ್ದರು. ಅಮ್ಮನಿಗೆ ಇಂಗ್ಲಿಷು ಅರ್ಥವಾದರೂ ಆ ಊರಿನ ಎಳೆದಾಡುವ ಇಂಗ್ಲಿಷು ಅರ್ಥವಾಗುತ್ತಿರಲಿಲ್ಲ. ಮಾತನಾಡಲು ನಾಚಿಕೆ ಬೇರೆ. ಆದ್ದರಿಂದ ಇಬ್ಬರ ನಡುವೆ ನಾನು ನಿಲ್ಲುತ್ತಿದ್ದೆ. ಮಿಸ್ ಕೋರಾ ಹೇಳುತ್ತಿದ್ದುದೆಲ್ಲ ಜೊಸಾಯನ ಕಥೆ. ವರ್ಜೀನಿಯಾದಿಂದ ಕರೋಲಿನಾಕ್ಕೆ ಇಳಿದು ಬಂದದ್ದು, ಹತ್ತೊಂಬತ್ತು ತುಂಬುವ ಮೊದಲೇ ಬ್ರಿಟಿಷರ ವಿರುದ್ಧ ಬಂದೂಕು ಹಿಡಿದದ್ದು, ಮಂಡಿಗೆ ಗುಂಡು ತಾಗಿದ್ದು, ಯುದ್ಧ ಮಾಡಿದ್ದಕ್ಕೆ ಮುದಿಪ್ರಾಯದಲ್ಲಿ ಜಾರ್ಜಿಯಾದಲ್ಲಿ ಜಮೀನು ಸಿಕ್ಕಿದ್ದು. ಇದನ್ನು ನಾನು ತುಂಡು ತುಂಡಾಗಿ ಕನ್ನಡಕ್ಕೆ ತಿರುಗಿಸಿದೆ. ಅಮ್ಮ ಸೊಪ್ಪು ಸೋಸುತ್ತ ಕೇಳಿದಳು.

"ಮಿಲ್ಟ್ರಿ ಜಮೀನು," ಎಂದಳು. "ನಮ್ಮಪ್ಪಂಗೂ ಕೊಟ್ಟಿದ್ರು, ಬರೀ ಕಲ್ಲು. ಇವ್ರದ್ದು ಅದಕ್ಕೆ ಮುಂಚೆ ಯಾರ್ದಾಗಿತ್ತಂತೆ?"

ನಾನು ಕೇಳಿದೆ. ಮಿಸ್ ಕೋರಾ ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಸರಿಮಾಡಿಕೊಂಡು, ಇಂಡಿಯನ್ಸ್ ಎಂದರು. ಆಮೇಲೆ ನಮ್ಮ ಮುಖ ನೋಡಿ, ಆ ಇಂಡಿಯನ್ಸ್ ಬೇರೆ, ಹನಿ, ಎಂದರು. ಹನಿ ಎಂದರೆ ಜೇನು, ಮುದ್ದಿಗೆ ಅವರು ನನ್ನನ್ನು ಕರೆಯುತ್ತಿದ್ದುದು ಹಾಗೆ. ಅಮ್ಮ ತಲೆಯಾಡಿಸಿದಳು. ಹಾಗೆಯೇ ಬೇಲಿಯ ಕಡೆ ಕೈ ತೋರಿಸಿ, ಅಲ್ಲಿ ಹುಲ್ಲಿನಲ್ಲಿ ಹೂತ, ಹೆಸರಿಲ್ಲದ ಸಣ್ಣ ಸಣ್ಣ ಕಲ್ಲುಗಳು ಯಾರವು ಎಂದು ಕೇಳಿಸಿದಳು. ಅವು ಸುಮ್ಮನೆ ಹೊಲದ ಕಲ್ಲು ಎಂದರು ಮಿಸ್ ಕೋರಾ. ಸಂಜೆ ಅಮ್ಮ ಅಪ್ಪನನ್ನು ಕೇಳಿದಾಗ ಅವರು ದನಿ ತಗ್ಗಿಸಿ, ಗುಲಾಮರದ್ದಿರಬೇಕು, ಇಲ್ಲಿ ಕೇಳಬೇಡ, ಎಂದರು.

ಸೆಪ್ಟೆಂಬರಿನಲ್ಲಿ ಬಂದಾಗ ಮಿಸ್ ಕೋರಾ, ಬರುವ ಭಾನುವಾರ ಟಿಡ್‌ವೆಲ್‌ಗಳೆಲ್ಲ ಊಟ ಕಟ್ಟಿಕೊಂಡು ಬರುತ್ತಾರೆ, ಸಮಾಧಿಯ ಸುತ್ತ ಹುಲ್ಲು ಕೀಳುತ್ತಾರೆ, ಅಲ್ಲೇ ಮೇಜು ಹಾಕಿ ಉಣ್ಣುತ್ತಾರೆ ಎಂದು ನೆನಪಿಸಿದರು. ಹಿಂದಿನ ವರ್ಷ ಅವರು ಬಂದಾಗ ನಾವು ಅಟ್ಲಾಂಟಾದಲ್ಲಿ ಯಾರದೋ ಮನೆಗೆ ಹೋಗಿದ್ದೆವು. ಅಮ್ಮನಿಗೆ ಈ ವಿವರ ಹೊಸದು. ನಾನು ಹೇಳಿ ಮುಗಿಸುವ ಮೊದಲೇ ಅವಳ ಕೈ ನಿಂತಿತು.

"ಸಮಾಧಿ ಹತ್ರ ಊಟ ತರ್ತಾರಾ? ಏನು ತರ್ತಾರೆ ಕೇಳು."

"ಫ್ರೈಡ್ ಚಿಕನ್ ಅಂತೆ. ಕೇಕ್ ಅಂತೆ."

"ಕೋಳಿ," ಎಂದಳು ಅಮ್ಮ. ಬೇಸಿಗೆಯಿಂದ ಇಲ್ಲದ ಒಂದು ಬೆಳಕು ಅವಳ ಮುಖಕ್ಕೆ ಬಂತು. "ನೋಡು, ಇವ್ರಿಗೂ ಹಿರಿಯರ ಹಬ್ಬ ಇದೆ. ಅಮಾಸೆನೂ ಆ ವಾರನೇ. ಇವರ ತಾತಂಗೆ ಏನಿಷ್ಟ ಇತ್ತು ಅಂತ ಕೇಳು."

ಮಿಸ್ ಕೋರಾ ಆ ಪ್ರಶ್ನೆಯನ್ನು ನನ್ನಿಂದ ಮತ್ತೊಮ್ಮೆ ಹೇಳಿಸಿದರು. ಜೊಸಾಯನ ಕ್ಯಾಪ್ಟನ್ನನ ಹೆಸರು, ಜೊಸಾಯನ ಕುದುರೆಯ ಬಣ್ಣ, ಅವನ ಹನ್ನೊಂದು ಮಕ್ಕಳ ಗಂಡಂದಿರು ಹೆಂಡತಿಯರು ಎಲ್ಲ ಅವರ ಬಾಯಲ್ಲಿದ್ದವು. ಏನು ತಿನ್ನುತ್ತಿದ್ದ ಎಂಬುದಿರಲಿಲ್ಲ. ಅವರು ಆ ವಾಲಿದ ಕಲ್ಲಿನ ಕಡೆ ನೋಡಿ, ಯಾರೂ ಕೇಳಿರಲಿಲ್ಲ, ಹನಿ, ಎಂದರು. ಅಮ್ಮ ಕನಿಕರದಿಂದ ಅವರಿಗೆ ಇನ್ನೊಂದು ಲೋಟ ಕಾಫಿ ಕೊಟ್ಟಳು. ಗೊತ್ತಿಲ್ಲದಿದ್ದರೇನು, ಸಿಪಾಯಿಗಳಿಗೆ ಏನಿಷ್ಟವೆಂದು ಅವಳಿಗೆ ಗೊತ್ತಿತ್ತು.

ಆ ವಾರ ನಮ್ಮ ಅಡುಗೆಮನೆಯ ಪರದೆಯನ್ನು ಅಮ್ಮ ಬಿಚ್ಚಿ ತೆಗೆದಳು. ಬೆಳಕು ಸಾಲದು ಎಂಬ ನೆಪ. ಬಾಳೆಲೆ ಸಿಗದ ಊರಾದ್ದರಿಂದ ಅಮ್ಮ ಮ್ಯಾಗ್ನೋಲಿಯಾದ ಎಲೆಗಳನ್ನು ಪೈನ್ ಮರದ ಸೂಜಿಗಳಿಂದ ಚುಚ್ಚಿ ಮುತ್ತುಗದೆಲೆಯಂತೆ ಹಚ್ಚಲು ಕುಳಿತಳು. ಎಲೆ ಸೀಳಿತು, ಅವಳು ಬೈದಳು, ನೀರಿನಲ್ಲಿ ನೆನೆಸಿ ಮತ್ತೆ ಹಚ್ಚಿದಳು. ಊರಿಂದ ತಂದು ಬಚ್ಚಿಟ್ಟಿದ್ದ ರಾಗಿ ಹಿಟ್ಟಿನ ಡಬ್ಬಿ ಹೊರಬಂತು. ಜ್ವರ ಬಂದಾಗ ನನಗೆ ಗಂಜಿ ಕಾಯಿಸಲು ಕೂಡ ಅವಳು ಆ ಹಿಟ್ಟನ್ನು ಚಮಚದಲ್ಲಿ ಅಳೆದು ತೆಗೆಯುತ್ತಿದ್ದವಳು. ಅಪ್ಪನ ಪೇಷೆಂಟೊಬ್ಬರು ಸಾಕಿದ ಕೋಳಿ ಕೊಟ್ಟರು. ಅಪ್ಪ ಬಾಗಿಲ ಬಳಿ ನಿಂತು ಎಲ್ಲವನ್ನೂ ನೋಡಿದರು.

"ಜಯ, ಅದು ಅವರ ಫ್ಯಾಮಿಲಿ ಫಂಕ್ಷನ್. ನಾವು ಮಧ್ಯೆ ಹೋಗಬಾರದು."

"ನಾವ್ಯಾಕೆ ಮಧ್ಯೆ ಹೋಗೋಣ? ನಮ್ಮನೇಲಿ ಮಲಗಿದ್ದಾರೆ, ನಮ್ಮನೇ ಊಟ ಒಂದು ಎಲೆ. ಅಷ್ಟೆ."

ಅಪ್ಪ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಅವಳು ಹೀಗೆ ಓಡಾಡಿ ಎಷ್ಟು ದಿನವಾಗಿತ್ತೆಂಬುದು ಇಬ್ಬರಿಗೂ ಗೊತ್ತಿತ್ತು. ತಡೆಯುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಭಾನುವಾರ ಚರ್ಚು ಬಿಟ್ಟ ಮೇಲೆ ಕಾರುಗಳು ಬಂದವು. ಹ್ಯಾಟು ಹಾಕಿದ ಗಂಡಸರು, ಬಟ್ಟಲುಗಳಿಗೆ ಬಟ್ಟೆ ಕಟ್ಟಿ ತಂದ ಹೆಂಗಸರು, ನನ್ನನ್ನು ದೂರದಿಂದ ನೋಡಿ ಹತ್ತಿರ ಬರದ ಮಕ್ಕಳು. ಮಡಿಸುವ ಮೇಜು ಕುರ್ಚಿಗಳು ಇಳಿದವು. ಮಿಸ್ ಕೋರಾರ ಅಣ್ಣನ ಮಗ ಹಾರ್ಲನ್ ಎಲ್ಲರಿಗಿಂತ ಎತ್ತರದ ಮನುಷ್ಯ, ಅವರ ಚರ್ಚಿನ ಹಿರಿಯ. ಅವರ ಚರ್ಚಿನಲ್ಲಿ ಮದ್ಯವೆಂದರೆ ಸೈತಾನನ ಉಗುಳು. ಹಾರ್ಲನ್ ಪ್ರಾರ್ಥನೆ ಹೇಳಲು ನಿಂತರು. ಎಲ್ಲರೂ ಹ್ಯಾಟು ತೆಗೆದರು. ಮಿಸ್ ಕೋರಾ ವಂಶದ ಚರಿತ್ರೆ ಓದಿದರು. ಜೊಸಾಯ ಇಂಥವರನ್ನು ಹೆತ್ತ, ಅವರು ಇಂಥವರನ್ನು ಹೆತ್ತರು ಎಂದು ಅದು ಸಾಗಿತು. ಮಕ್ಕಳು ಆಕಳಿಸಿದರು. ಆಮೇಲೆ ಎಲ್ಲರೂ ಮೇಜಿನ ಕಡೆ ತಿರುಗಿ ತಟ್ಟೆ ಹಿಡಿದರು.

"ತಾತಂಗೆ ಇಡದೆ ತಾವೇ ತಿಂತಿದ್ದಾರಲ್ಲ," ಎಂದು ಅಮ್ಮ ನನ್ನ ಕಿವಿಯಲ್ಲಿ ಹೇಳಿ, ಅಡುಗೆಮನೆಗೆ ಹೋಗಿ ಎಲೆ ಎತ್ತಿಕೊಂಡು ಬಂದಳು. ಹಬ್ಬದ ಸೀರೆ ಉಟ್ಟಿದ್ದಳು. ಯಾರ ಮುಖವನ್ನೂ ನೋಡದೆ ಗೋಡೆ ದಾಟಿ, ಕಲ್ಲಿನ ಮುಂದೆ ನೀರು ಚಿಮುಕಿಸಿ ಎಲೆ ಇಟ್ಟಳು. ಮುದ್ದೆ, ಕೋಳಿ ಸಾರು, ಅನ್ನ, ವಡೆ, ಪಾಯಸ. ಅದರ ಪಕ್ಕದಲ್ಲಿ ಒಂದು ಗಾಜಿನ ಲೋಟ. ಲೋಟದಲ್ಲಿದ್ದುದು ಅಪ್ಪನಿಗೆ ಯಾರೋ ಡಾಕ್ಟರು ಉಡುಗೊರೆ ಕೊಟ್ಟ, ಫ್ರಿಜ್ಜಿನ ಮೇಲಿನ ಕಪಾಟಿನಲ್ಲಿ ಸೀಲು ಒಡೆಯದೆ ಇದ್ದ ವಿಸ್ಕಿ. ಆಮೇಲೆ ಅವಳು ಇನ್ನೊಂದು ಎಲೆ ತಂದು ಬೇಲಿಯ ಹತ್ತಿರ, ಆ ಹೆಸರಿಲ್ಲದ ಕಲ್ಲುಗಳ ಮುಂದೆ ಇಟ್ಟಳು. ಟಿಡ್‌ವೆಲ್‌ಗಳು ಆ ಎರಡನೆಯ ಎಲೆಯನ್ನು ಅದು ಬೇರೆ ರಾಜ್ಯದಲ್ಲಿದೆ ಎಂಬಂತೆ ನೋಡದೆ ಉಳಿದರು. ಆದರೆ ಮೊದಲ ಎಲೆಯ ಪಕ್ಕದ ಲೋಟದ ವಾಸನೆ ಗಾಳಿಯಲ್ಲಿ ಮೇಜಿನ ತನಕ ಬಂತು. ಯಾರೋ ತಾಯಿ ತನ್ನ ಮಗುವನ್ನು ಹತ್ತಿರ ಎಳೆದುಕೊಂಡಳು. ಅಪ್ಪನ ಮುಖ ನಾನು ಎಂದೂ ಕಾಣದ ಬಣ್ಣಕ್ಕೆ ತಿರುಗಿತು.

ಹಾರ್ಲನ್ ತಟ್ಟೆಯನ್ನು ಮೇಜಿನ ಮೇಲಿಟ್ಟು ನಡೆದು ಬಂದರು. ಪ್ರಾರ್ಥನೆಗೆಂದು ತೆಗೆದ ಹ್ಯಾಟು ಎಡಗೈಯಲ್ಲೇ ಇತ್ತು. ಬಗ್ಗಿ ಲೋಟವನ್ನು ಎರಡು ಬೆರಳಲ್ಲಿ ಎತ್ತಿ, ಭಾನುವಾರದ ಪ್ಯಾಂಟಿಗೂ ಬೂಟಿಗೂ ಸಿಡಿಯದಂತೆ ಕೈಯನ್ನು ಮುಂದಕ್ಕೆ ಚಾಚಿ, ತಲೆ ತಗ್ಗಿಸಿ ನೋಡುತ್ತ, ತೆಳ್ಳಗೆ, ನಿಧಾನವಾಗಿ, ಕೊನೆಯ ಹನಿಯವರೆಗೆ ಕಲ್ಲಿನ ಬುಡದ ಮಣ್ಣಿಗೆ ಸುರಿದರು.

ಅವರು ಅದನ್ನು ಚೆಲ್ಲಿಬಿಟ್ಟರು ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಒಬ್ಬಳನ್ನು ಬಿಟ್ಟು. ಅಮ್ಮ ಕೈ ಮುಗಿದಳು. ಮೊದಲು ಕಲ್ಲಿಗೆ, ಆಮೇಲೆ ಹಾರ್ಲನ್‌ಗೆ, ಬೆನ್ನು ಬಾಗಿಸಿ. ಮತ್ತೆ ಅಲ್ಲೇ ಹುಲ್ಲಿನ ಮೇಲೆ ಕುಸಿದು ಕುಳಿತು ಅಳತೊಡಗಿದಳು. ಜೂನಿನಿಂದ ಒಳಗೇ ಉಳಿದಿದ್ದ ಅಳು. ಅದಕ್ಕೆ ಸದ್ದಿತ್ತು, ರಾಗವಿತ್ತು, ಅಪ್ಪಯ್ಯಾ ಎಂಬ ಕರೆ ಇತ್ತು. ಅಪ್ಪ ಓಡಿ ಬಂದು ಪಕ್ಕದಲ್ಲಿ ಕುಳಿತರು.

"ಮುಟ್ತು ಕಣ್ರೀ," ಎಂದಳು ಅಮ್ಮ. "ಅವ್ರ ಮನೆ ಗಂಡಸೇ ಬಂದು ಹೊಯ್ದ. ನಾನು ಕೇಳ್ಲೂ ಇಲ್ಲ. ಇವರು ಸಿಪಾಯಿ, ನಮ್ಮಪ್ಪನೂ ಸಿಪಾಯಿ. ಅಲ್ಲಿಗೂ ಮುಟ್ಟಿರತ್ತೆ."

ಹಾರ್ಲನ್ ಏನು ಮಾಡಿದರೆಂದು ವಿವರಿಸುವ ಎಲ್ಲ ಶಬ್ದಗಳೂ ಅಪ್ಪನ ಬಳಿ ಎರಡು ಭಾಷೆಯಲ್ಲಿದ್ದವು. ಆದರೆ ಅವರು ಅಮ್ಮನ ಭುಜದ ಮೇಲೆ ಕೈಯಿಟ್ಟರು.

"ನಿಮ್ಮಮ್ಮ ಏನು ಹೇಳುತ್ತಿದ್ದಾಳೆ?" ಎಂದು ಮಿಸ್ ಕೋರಾ ನನ್ನನ್ನು ಕೇಳಿದರು.

ಅವಳ ಅಪ್ಪ ತೀರಿಹೋದರು ಮ್ಯಾಮ್, ಎಂದೆ. ಅವರೂ ಸೋಲ್ಜರ್ ಆಗಿದ್ದರು. ಅವಳಿಗೆ ಹೋಗಲಿಕ್ಕಾಗಲಿಲ್ಲ. ಮಿಸ್ಟರ್ ಹಾರ್ಲನ್ ಈಗ ಅವರಿಗೆ ಕುಡಿಯಲು ಕೊಟ್ಟರು, ಥ್ಯಾಂಕ್ ಯೂ ಅನ್ನುತ್ತಿದ್ದಾಳೆ.

ಹಾರ್ಲನ್ ಖಾಲಿ ಲೋಟ ಹಿಡಿದು ನಿಂತೇ ಇದ್ದರು. ಕಿವಿ ಕೆಂಪಾಗಿತ್ತು. ಅದನ್ನು ಎಸೆಯುವಂತಿರಲಿಲ್ಲ, ಮೇಜಿಗೆ ಒಯ್ಯುವಂತೆಯೂ ಇರಲಿಲ್ಲ.

"ಹಾರ್ಲನ್," ಎಂದರು ಮಿಸ್ ಕೋರಾ, ಸ್ಕೂಲಿನ ಹಳೆಯ ಧ್ವನಿಯಲ್ಲಿ, "ಅದನ್ನು ಅವಳು ಎಲ್ಲಿಟ್ಟಿದ್ದಳೋ ಅಲ್ಲೇ ಇಡು."

ಅವರು ಇಟ್ಟರು. ಮಿಸ್ ಕೋರಾ ಕುರ್ಚಿ ಎಳೆಸಿಕೊಂಡು ಅಮ್ಮನ ಪಕ್ಕದಲ್ಲಿ ಕುಳಿತು, ಕೈಗವಸು ಕಳಚಿ ತೊಡೆಯ ಮೇಲಿಟ್ಟುಕೊಂಡರು. ನಿಮ್ಮಪ್ಪ ಎಂಥವರು ಎಂದು ಕೇಳಿದರು. ಅಮ್ಮ ಹೇಳಿದಳು. ಬರ್ಮಾದಲ್ಲಿ ಜಿಗಣೆಗೆ ಉಪ್ಪು ಹಾಕಿದ್ದು, ಸಂತೆಯಿಂದ ಬರುವಾಗ ಬೆಲ್ಲದ ಅಚ್ಚನ್ನು ಜೇಬಿನಲ್ಲಿ ತಂದು ಜೇಬೆಲ್ಲ ಅಂಟು ಮಾಡಿಕೊಂಡದ್ದು, ಮುದ್ದೆಯ ಮೇಲೆ ತುಪ್ಪ ಹೆಚ್ಚು ಬಿದ್ದರೆ ಅಜ್ಜಿಗೆ ಬೈದು ಆಮೇಲೆ ಎಲ್ಲ ಉಂಡದ್ದು. ನಾನು ತಿರುಗಿಸುತ್ತ ಹೋದೆ. ಅವಳು ಅಷ್ಟು ಮಾತನಾಡಿದ್ದನ್ನು ಆ ದೇಶದಲ್ಲಿ ನಾನು ಮೊದಲ ಸಲ ಕೇಳಿದೆ. ಹೆಂಗಸೊಬ್ಬರು ಬಂದು ನಿಂತರು, ಇನ್ನೊಬ್ಬರು ಕುಳಿತರು. ಕೋಳಿ ಸಾರು ಮೇಜಿಗೆ ಹೋಯಿತು. ಹಾರ್ಲನ್ ಪ್ರಾಯಶ್ಚಿತ್ತದಂತೆ ಎರಡು ಸೌಟು ಬಡಿಸಿಕೊಂಡು ಕೆಮ್ಮುತ್ತ ಉಂಡರು. ಅವರ ಕೆನ್ನೆಯ ಮೇಲೆ ನೀರಿಳಿಯಿತು. ಅದು ಮೆಣಸಿನಕಾಯಿಗೆಂದು ನನಗೆ ಖಾತ್ರಿ ಇದೆ. ಅಮ್ಮನ ಖಾತ್ರಿ ಬೇರೆಯಿತ್ತು.

ನೆರಳು ಉದ್ದವಾಗುವ ಹೊತ್ತಿಗೆ ಕಾರುಗಳು ಒಂದೊಂದಾಗಿ ಹೊರಟವು. ಅಪ್ಪ ಕುರ್ಚಿಗಳನ್ನು ಮಡಿಸಿ ಗೋಡೆಗೆ ಒರಗಿಸುತ್ತಿದ್ದರು. ಮಿಸ್ ಕೋರಾ ಬೇಲಿಯ ತನಕ ಹೋಗಿ, ಆ ಎರಡನೆಯ ಎಲೆಯನ್ನು ನೋಡಿ ತಿರುಗಿ ಬಂದರು. ಪಾತ್ರೆ ಜೋಡಿಸುತ್ತಿದ್ದ ಅಮ್ಮನ ಎದುರು ನಿಂತು, ನನಗೆ ಹೇಳಿದರು.

"ಮುಂದಿನ ವರ್ಷವೂ ಅವರಿಗೆ ಅಡುಗೆ ಮಾಡುತ್ತಾಳಾ ಅಂತ ನಿಮ್ಮಮ್ಮನನ್ನು ಕೇಳು."

ಬೇಸಿಗೆಯಿಂದ ನಾನು ಕೇಳಲಾರದೆ ಹೊತ್ತು ತಿರುಗುತ್ತಿದ್ದ ಪ್ರಶ್ನೆಯನ್ನು ಬೇರೆಯವರು ನನ್ನ ಬಾಯಲ್ಲಿಟ್ಟರು. ಅಪ್ಪನ ಕೈ ಕುರ್ಚಿಯ ಮೇಲೆ ನಿಂತಿತು. ಅವರಿಗೆ ಇಂಗ್ಲಿಷು ತಿರುಗಿಸಿ ಹೇಳಬೇಕಾಗಿರಲಿಲ್ಲ. ನಾನು ಅಮ್ಮನಿಗೆ ಹೇಳಿದೆ. ನನ್ನ ಕನ್ನಡ ಅಷ್ಟು ಸಣ್ಣಗೆ ಎಂದೂ ಬಂದಿರಲಿಲ್ಲ.

"ಅಮ್ಮ, ನೆಕ್ಸ್ಟ್ ಇಯರ್ ಕೂಡ ತಾತಂಗೆ ಮಾಡ್ತೀಯಾ ಅಂತ ಕೇಳ್ತಿದ್ದಾರೆ."

ಅಮ್ಮ ಸಾರಿನ ಪಾತ್ರೆಯ ತಳವನ್ನು ಸೌಟಿನಿಂದ ಕೆರೆದಳು. ಪೂರ್ತಿ ಖಾಲಿಯಾಗಿತ್ತು. ಆದರೂ ಮತ್ತೊಮ್ಮೆ ಕೆರೆದಳು. ಹಿತ್ತಲನ್ನೂ ಅಪ್ಪನನ್ನೂ ನನ್ನನ್ನೂ ನೋಡಿದಳು.

"ಖಾರ ಸ್ವಲ್ಪ ಕಮ್ಮಿ ಹಾಕ್ತೀನಿ ಅಂತ ಹೇಳು," ಎಂದಳು. "ಪಾಪ, ಆ ಉದ್ದನೆ ಮನುಷ್ಯ ಕೆಮ್ಮಿ ಕೆಮ್ಮಿ ಸುಸ್ತಾದ."

ನಾನು ಹೇಳಿದೆ. ಅಪ್ಪ ಅರ್ಧ ಮಡಿಸಿದ್ದ ಕುರ್ಚಿಯನ್ನು ಮತ್ತೆ ಬಿಡಿಸಿ, ಹುಲ್ಲಿನ ಮೇಲೆ ಸರಿಯಾಗಿ ಊರಿ, ಅದರ ಮೇಲೆ ಕುಳಿತರು.